ಬಂಗಾರ ನಮ್ಮ ಮಾತು ಕೇಳಬೇಕು, ನಾವು ಬಂಗಾರದ ಮಾತಲ್ಲ



ದುರ್ಗದಬೈಲಿಗೆ ಸಂತಿಗೆ ಹೋದಾಗ ಚಿನ್ನದಂಗಡಿ ಮುಂದೆ ಒಂದು ಗಳಿಗೆ ನಿಲ್ಲದವರು ಕಡಿಮೆ. ನೋಡುವುದು ತಪ್ಪಲ್ಲ. ಕಷ್ಟ ಬಂದಾಗ ಒತ್ತೆ ಇಡಲಿಕ್ಕೆ ಒದಗುವುದೂ ಅದೇ ಬಂಗಾರ. ಹಾಗಾದರೆ ಬೈಬಲ್ ಧನದ ಆಸೆಯನ್ನು ವಿಗ್ರಹಾರಾಧನೆ ಎಂದು ಯಾಕೆ ಕರೆಯುತ್ತದೆ?

ವಿಮೋಚನಕಾಂಡದ 32ನೇ ಅಧ್ಯಾಯ ನೋಡೋಣ. ಈಜಿಪ್ಟಿನ ಗುಲಾಮಗಿರಿಯಿಂದ ಪಾರಾಗಿ ಬಂದ ಜನ ಸಿನಾಯಿ ಬೆಟ್ಟದ ಕೆಳಗೆ ಬೀಡುಬಿಟ್ಟಿದ್ದರು. ಬೆಟ್ಟ ಏರಿದ ಮೋಶೆ ಬೇಗ ಇಳಿದು ಬರಲಿಲ್ಲ. ಜನರಿಗೆ ತಾಳ್ಮೆ ತಪ್ಪಿತು. ಆರೋನನು ಹೆಂಗಸರು, ಮಕ್ಕಳ ಕಿವಿಯ ಬಂಗಾರ ತರಿಸಿ, ಕರಗಿಸಿ, ಹೋರಿಕರು ಮಾಡಿದ. ನಮ್ಮನ್ನು ಕಾಪಾಡಿದ್ದು ಇದೇ ಅಂತ ಜನ ಅದಕ್ಕೆ ಅಡ್ಡಬಿದ್ದರು. ಕಿವಿಯಲ್ಲಿದ್ದಾಗ ಅದು ಬರೀ ಒಡವೆ. ನಂಬಿಕೆಯನ್ನೆಲ್ಲ ಅದರ ಮೇಲೆ ಇಟ್ಟಾಗ ಅದು ವಿಗ್ರಹವಾಯಿತು.

ಮುಂದೆ 35ನೇ ಅಧ್ಯಾಯದಲ್ಲಿ ಅದೇ ಜನ, ಹೆಂಗಸರು ಗಂಡಸರು ಕೂಡಿ, ದೇವರ ಗುಡಾರಕ್ಕಾಗಿ ಓಲೆ, ಉಂಗುರಗಳನ್ನು ಮನಸಾರೆ ತಂದುಕೊಟ್ಟರು. ಕಲೆ ಬಲ್ಲ ಹೆಂಗಸರು ನೂಲು ತೆಗೆದು ಕೊಟ್ಟರು. ಎರಡೂ ಕಡೆ ಬಂಗಾರವೇ, ಮನಸ್ಸು ಮಾತ್ರ ಬೇರೆ.

ಆದ್ದರಿಂದ ಈ ಮಾತು ಯಾರ ಮನೆಯ ದೇವರ ಜಗಲಿಯ ಬಗ್ಗೆಯೂ ಅಲ್ಲರೀ. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ (3:5) ದುರಾಸೆಯನ್ನೇ ವಿಗ್ರಹಾರಾಧನೆ ಎನ್ನುತ್ತಾರೆ. ತಿಮೊಥೇಯನಿಗೆ ಬರೆದ ಮೊದಲ ಪತ್ರ (6:10) ಕೇಡಿನ ಬೇರು ಎನ್ನುವುದು ಹಣವನ್ನಲ್ಲ, ಹಣದ ವ್ಯಾಮೋಹವನ್ನು. ಒಬ್ಬ ಆಳು ಇಬ್ಬರು ಧಣಿಗಳಿಗೆ ದುಡಿಯಲಾರ ಎಂದು ಯೇಸುಸ್ವಾಮಿ ತಿಳಿಸಿದ್ದೂ ಇದನ್ನೇ (ಮತ್ತಾಯ 6:24).

ನಮ್ಮ ನಾಡಿನಲ್ಲಿ ಇದನ್ನು ಬದುಕಿ ತೋರಿಸಿದವಳು 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳಂತೆ. ಬಡತನದಲ್ಲೂ ಆಸೆ ಅವಳನ್ನು ಆಳಲಿಲ್ಲ.

ಹಣ ನಮ್ಮನ್ನು ಆಳುತ್ತಿದೆಯೋ ಎಂದು ತಿಳಿಯುವುದು ಹೇಗೆ? ಮೂರು ಗುರುತು ಹೇಳುತ್ತೇವೆ.

1. ನಾಲ್ಕು ಮಂದಿ ನೋಡಲಿ ಅಂತ ಮದುವೆಗೆ ಸಾಲ ಎತ್ತಿ, ಆಮೇಲೆ ಮಗಳ ಶಾಲೆ ಬಿಡಿಸುವುದು.

2. ಕಂತು ತಪ್ಪಿದ ಸದಸ್ಯೆಯ ಮನೆಯಲ್ಲಿ ಜ್ವರವೋ ಹಸಿವೋ ಎಂದು ಕೇಳದೆ, ಬಾಗಿಲಿಗೆ ಹೋಗಿ ಮಾನ ಕಳೆಯುವುದು.

3. ಕೆಲವೇ ತಿಂಗಳಲ್ಲಿ ದುಪ್ಪಟ್ಟು ಕೊಡ್ತೀವಿ ಅಂದವರ ಕೈಗೆ ಉಳಿತಾಯ ಸುರಿಯುವುದು. ಅನುಮತಿ ಇಲ್ಲದೆ ಠೇವಣಿ ಸಂಗ್ರಹಿಸುವ ಯೋಜನೆಗಳನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಬ್ಯಾಂಕಿನಲ್ಲಿ ವಿಚಾರಿಸದೆ ಒಂದು ರೂಪಾಯಿಯೂ ಕೊಡಬೇಡಿ.

ಉಳಿತಾಯ ಪಾಪವಲ್ಲ. ವಾರವಾರ ಕೂಡಿಸಿದ ಹಣದಿಂದ ಒಬ್ಬಳಿಗೆ ಹೊಲಿಗೆ ಯಂತ್ರ, ಇನ್ನೊಬ್ಬಳ ಮಗುವಿಗೆ ಔಷಧ ಬಂದರೆ ಅದು ಗುಡಾರಕ್ಕೆ ಕೊಟ್ಟ ಬಂಗಾರದಂತೆಯೇ. ಮುಂದಿನ ಸಭೆಯಲ್ಲಿ ಸಾಲದ ಅರ್ಜಿ ಓದುವಾಗ ಎಲ್ಲರೂ ಕೂಡಿ ಒಂದು ಪ್ರಶ್ನೆ ಕೇಳಿರಿ: ಈ ಹಣದಿಂದ ಮನೆಯಲ್ಲಿ ಯಾರಿಗೆ ಒಳಿತು, ಯಾರಿಗೆ ಹೊರೆ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆದಿಡಿ.