ಸ್ಟಾರ್ಟ್ ಆಗುತ್ತಾ ಸ್ವಾಮಿ, ಈ ಟ್ಯಾಂಕು?

ನಮ್ಮ ಮನೆಗಳಲ್ಲಿ ಟ್ಯಾಂಕ್ ಎಂದರೆ ತಾರಸಿಯ ಮೇಲೆ ಕೂತಿರುವ ಕಪ್ಪು ಡ್ರಮ್ಮು. ‘ತುಂಬಿತೇನೋ ನೋಡು, ಮೋಟರ್ ಆಫ್ ಮಾಡು’ ಎಂದು ಅಮ್ಮ ಬೆಳಗ್ಗೆ ಕೂಗುತ್ತಾಳಲ್ಲ, ಅದು. ರಣರಂಗದಲ್ಲಿ ಬೆಂಕಿ ಕಾರುವ ಉಕ್ಕಿನ ರಾಕ್ಷಸನಿಗೂ ಈ ಬಡಪಾಯಿ ನೀರಿನ ತೊಟ್ಟಿಗೂ ಒಂದೇ ಹೆಸರು ಯಾಕೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಗೊತ್ತಾದ ರಾತ್ರಿ ನಿದ್ದೆ ಹತ್ತಲಿಲ್ಲ! 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನ ಒಂದು ಕೃಷಿಯಂತ್ರಗಳ ಕಾರ್ಖಾನೆಯಲ್ಲಿ ಈ ಗಾಡಿ ಗುಟ್ಟಾಗಿ ಹುಟ್ಟುತ್ತಿತ್ತು. ಇದೇನು ಎಂದು ಕೇಳಿದವರಿಗೆ, ಮೆಸೊಪೊಟೇಮಿಯದ ಮರಳುಗಾಡಿಗೆ ನೀರು ಸಾಗಿಸುವ ತೊಟ್ಟಿ ಎಂದು ಹೇಳಿದರು. ಸುಳ್ಳು ಹೇಳಿ ಇಟ್ಟ ಹೆಸರೇ ನಿಂತುಬಿಟ್ಟಿತು. ಅಂದರೆ ನಮ್ಮ ತಾರಸಿಯ ಡ್ರಮ್ಮೇ ಅಸಲಿ, ಹೆಸರು ಕದ್ದದ್ದು ಆ ರಾಕ್ಷಸ!

ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ದುಡ್ಡಿನ ಚಿಂತೆಯೇ ಇಲ್ಲ, ಕುಬೇರನೇ ಚೆಕ್ ಬುಕ್ಕಿಗೆ ಸಹಿ ಹಾಕಿ ಕೊಟ್ಟಿದ್ದಾನೆ ಎಂದುಕೊಳ್ಳಿ. ಯಾವ ಮಿಲಿಟರಿ ಗಾಡಿ ತಂದು ಮನೆ ಮುಂದೆ ನಿಲ್ಲಿಸುತ್ತೀರಿ? ಜಗತ್ತಿನಲ್ಲಿ ಸಾವಿರಾರು ಜನ ಇದನ್ನೇ ಕನಸು ಕಾಣುತ್ತಾರೆ. ಕೆಲವರು ನಿಜಕ್ಕೂ ತಂದು ನಿಲ್ಲಿಸಿಕೊಂಡಿದ್ದಾರೆ! ಅವರ ಕಥೆಗಳನ್ನು ಓದುತ್ತಾ ಹೋದಂತೆ ನನಗೆ ಒಂದು ವಿಚಿತ್ರ ಕಂಡಿತು. ಈ ಮಂದಿ ತೋಪು ಎಷ್ಟು ದೂರ ಹೊಡೆಯುತ್ತದೆ ಎಂದು ಮೊದಲು ಕೇಳುವುದಿಲ್ಲ. ಸಂತೆಯಲ್ಲಿ ಹಳೇ ಲೂನಾ ಕೊಳ್ಳುವವನು ಕೇಳುವ ಪ್ರಶ್ನೆಯೇ ಅವರದ್ದೂ: ಸ್ಟಾರ್ಟ್ ಆಗುತ್ತಾ?

ಕನಸಿನ ಪಟ್ಟಿಯಲ್ಲಿ ಎಲ್ಲರೂ ಮೊದಲು ಬರೆಯುವ ಹೆಸರು ಎರಡನೇ ಮಹಾಯುದ್ಧದ ಜರ್ಮನಿಯ ಟೈಗರ್ ಟ್ಯಾಂಕ್. 57 ಟನ್ ತೂಕ. ತೋಪಿನ ಮೂತಿ ಸೇರಿಸಿದರೆ ಎಂಟೂವರೆ ಮೀಟರ್ ಉದ್ದ. ಬೆಂಗಳೂರಿನ 30–40 ಸೈಟಿನಲ್ಲಿ ನಿಲ್ಲಿಸಿದರೆ ಮನೆ ಕಟ್ಟಲು ಜಾಗ ಉಳಿಯುವುದಿಲ್ಲ, ಬೇಕಿದ್ದರೆ ಒಳಗೇ ಸಂಸಾರ ಹೂಡಬೇಕು. ಪೆಟ್ರೋಲ್ ಟ್ಯಾಂಕ್ 540 ಲೀಟರಿನದು. ಒಳ್ಳೆಯ ರಸ್ತೆಯಲ್ಲೂ ಒಂದು ಕಿಲೋಮೀಟರಿಗೆ ಮೂರು ಲೀಟರ್ ಹತ್ತಿರ ಕುಡಿಯುತ್ತದೆ. ಚಕ್ರಗಳು ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಕೂತಿವೆ. ಒಳಗಿನ ಒಂದು ಚಕ್ರ ಕೆಟ್ಟರೆ ಹೊರಗಿನವನ್ನೆಲ್ಲ ಒಂದೊಂದಾಗಿ ಬಿಚ್ಚಬೇಕು. ರಷ್ಯಾದ ಚಳಿಯಲ್ಲಿ ಅವುಗಳ ನಡುವೆ ಸಿಕ್ಕ ಕೆಸರು ರಾತ್ರೋರಾತ್ರಿ ಹೆಪ್ಪುಗಟ್ಟಿ, ಬೆಳಗ್ಗೆ ಗಾಡಿ ಕದಲುತ್ತಿರಲಿಲ್ಲ. ರೈಲಿನಲ್ಲಿ ಸಾಗಿಸಬೇಕೆಂದರೆ ಅಗಲದ ಚೈನು ಕಳಚಿ ಕಿರಿದಾದ ಇನ್ನೊಂದು ಜೊತೆ ಚೈನು ತೊಡಿಸಬೇಕು! ಇಷ್ಟೆಲ್ಲ ರಗಳೆಯ ಈ ದೈತ್ಯನನ್ನು ಓಡಿಸುವುದು ಮಾತ್ರ ಹೂವೆತ್ತಿದ ಹಾಗೆ. ಕಾರಿನಂಥ ಸ್ಟಿಯರಿಂಗ್ ಚಕ್ರ, ಮುಂದಕ್ಕೆ ಎಂಟು ಗೇರು, ನಿಂತಲ್ಲೇ ಗಿರ್ರನೆ ತಿರುಗುವ ಲಾಘವ.

ಇಂಥವು ಸುಮಾರು 1,350 ತಯಾರಾದವು. ಬೆರಳೆಣಿಕೆಯಷ್ಟು ಉಳಿದಿವೆ. ಅವುಗಳಲ್ಲಿ ಟೈಗರ್ 131 ಎಂಬ ಒಂದಿದೆ. 1943ರ ಏಪ್ರಿಲ್‌ನಲ್ಲಿ ಟುನೀಶಿಯಾದಲ್ಲಿ ಬ್ರಿಟಿಷರ ಗುಂಡೊಂದು ತಗುಲಿ ಅದರ ತಿರುಗುವ ತಲೆ, ಅಂದರೆ ಟರೆಟ್, ಕಚ್ಚಿಕೊಂಡಿತು. ಒಳಗಿದ್ದವರು ಗಾಡಿ ಬಿಟ್ಟು ಓಡಿದರು. ಹಾಗೆ ಇಡಿಯಾಗಿ ಕೈಗೆ ಸಿಕ್ಕಿದ ಈ ಪ್ರಾಣಿಯನ್ನು ನೋಡಲು ಟ್ಯೂನಿಸ್‌ಗೆ ಬಂದವರಲ್ಲಿ ಚರ್ಚಿಲ್ ಒಬ್ಬರು, ಆರನೇ ಜಾರ್ಜ್ ದೊರೆ ಇನ್ನೊಬ್ಬರು. ಈಗ ಅದು ಇಂಗ್ಲೆಂಡಿನ ಡಾರ್ಸೆಟ್ ಕೌಂಟಿಯ ಬೋವಿಂಗ್‌ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿದೆ. ವರ್ಷದಲ್ಲಿ ಒಂದೆರಡು ದಿನ ಅದರ ಎಂಜಿನ್ ಶುರು ಮಾಡುತ್ತಾರೆ. ಟೈಗರ್ ಡೇ ಎಂದೇ ಅದಕ್ಕೆ ಹೆಸರು. ತೇರು ಎಳೆಯುವ ದಿನ ಊರು ಸೇರಿದ ಹಾಗೆ ಜನ ಸೇರುತ್ತಾರೆ! ಬ್ರಾಡ್ ಪಿಟ್‌ನ ‘ಫ್ಯೂರಿ’ ಸಿನಿಮಾದಲ್ಲಿ ನೀವು ಕಂಡ ಟೈಗರ್ ಇದೇ, ಅಸಲಿ. ಆ ಡಬ್ಬಿಗಳೊಳಗೆ ಹತ್ತೊಂಬತ್ತು–ಇಪ್ಪತ್ತರ ಹುಡುಗರು ಬೆಂದುಹೋದರು ಎಂಬುದು ನೆನಪಾದಾಗ ಮೈ ಜುಮ್ಮೆನ್ನುತ್ತದೆ. ಆದರೂ ಆ ಎಂಜಿನ್ ಗುಡುಗಿದರೆ ಕಣ್ಣು ಅತ್ತಲೇ ಹೋಗುತ್ತದೆ. ಎರಡೂ ನಿಜ. ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿಡಲು ನನ್ನಿಂದಾಗದು.

ಮ್ಯೂಸಿಯಂ ಮಾತು ಬಿಡಿ, ಮನೆಯಲ್ಲೇ ಇಟ್ಟುಕೊಂಡವರ ವಿಷಯಕ್ಕೆ ಬನ್ನಿ. 2015ರ ಜುಲೈ. ಜರ್ಮನಿಯ ಕೀಲ್ ನಗರದ ಪಕ್ಕದ ಹೈಕೆನ್‌ಡಾರ್ಫ್. ವಯಸ್ಸಾದ ಒಬ್ಬರ ಬಂಗಲೆಗೆ ಪೊಲೀಸರು ಹೋಗಿ ನೋಡುತ್ತಾರೆ, ನೆಲಮಾಳಿಗೆಯಲ್ಲಿ ಅದೇ ಯುದ್ಧದ ಪ್ಯಾಂಥರ್ ಟ್ಯಾಂಕ್! 45 ಟನ್ನಿನದು! ನಾವು ನೆಲಮಾಳಿಗೆಯಲ್ಲಿ ಹಳೇ ಸೈಕಲ್ಲು, ಒಡೆದ ಕುರ್ಚಿ ಇಡುವುದಿಲ್ಲವೇ, ಹಾಗೆ. ಪಕ್ಕದಲ್ಲೊಂದು ವಿಮಾನ ಹೊಡೆಯುವ ತೋಪು, ಒಂದು ಟಾರ್ಪಿಡೊ. ಸುಮಾರು ಇಪ್ಪತ್ತು ಸೈನಿಕರು ಹೆಚ್ಚುಕಡಿಮೆ ಒಂಬತ್ತು ಗಂಟೆ ಬೆವರು ಸುರಿಸಿ ಅದನ್ನು ಹೊರಗೆಳೆದರು. ಊರವರಿಗೆ ಇದೇನೂ ಅಚ್ಚರಿಯಲ್ಲ. 1978ರ ಭಾರೀ ಹಿಮಪಾತದಲ್ಲಿ ಆ ಮನುಷ್ಯ ಅದೇ ಟ್ಯಾಂಕಿನಲ್ಲಿ ಊರು ಸುತ್ತಿದ್ದನ್ನು ಅವರು ಕಂಡಿದ್ದರು! ಕೋರ್ಟು 2021ರಲ್ಲಿ ಎರಡೂವರೆ ಲಕ್ಷ ಯೂರೊ ದಂಡ ಹಾಕಿತು. ಕಾನೂನು ಕಾನೂನೇ, ಒಪ್ಪಿದೆ. ಆದರೆ ಹಿಮದಲ್ಲಿ ಅದು ಓಡಿತಲ್ಲ!

ಇನ್ನೊಬ್ಬರು ಜಾಕ್ ಲಿಟಲ್‌ಫೀಲ್ಡ್. ಅಮೆರಿಕದ ಕ್ಯಾಲಿಫೋರ್ನಿಯಾದ ಈ ಎಂಜಿನಿಯರ್ ಮೊದಲು ರಿಮೋಟಿನಿಂದ ಓಡುವ ಆಟಿಕೆ ಟ್ಯಾಂಕ್ ಮಾಡಿಕೊಂಡಿದ್ದರು. ಆಮೇಲೆ ಒಂದು ನಿಜದ ಗಾಡಿ ಬಂತು, ಆಮೇಲೆ ಇನ್ನೊಂದು. ಕೊನೆಗೆ ಪೋರ್ಟೋಲಾ ವ್ಯಾಲಿಯ ಗುಡ್ಡದ ಮೇಲಿನ ಶೆಡ್ಡುಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಿಲಿಟರಿ ಗಾಡಿಗಳು, ಅದರಲ್ಲೊಂದು ಸ್ಕಡ್ ಕ್ಷಿಪಣಿ ಹೊರುವ ಲಾರಿ! ಪೋಲೆಂಡಿನ ನದಿಯೊಂದರ ತಳದಿಂದ ಎತ್ತಿದ, ತುಕ್ಕು ತಿಂದ ಪ್ಯಾಂಥರ್ ಒಂದನ್ನು ತರಿಸಿ, ವರ್ಷಗಟ್ಟಲೆ ಬೋಲ್ಟು ಬೋಲ್ಟು ಬಿಡಿಸಿ ಜೋಡಿಸಿದರು. ಅದು ಮತ್ತೆ ಓಡುವಷ್ಟಾಯಿತು. 2009ರ ಜನವರಿಯಲ್ಲಿ ಅವರು ತೀರಿಕೊಂಡರು. 2014ರಲ್ಲಿ ಸಂಗ್ರಹದ ಬಹುಪಾಲು ಹರಾಜಾಗಿ, ಒಂದು ಕೋಟಿ ಡಾಲರಿಗೂ ಹೆಚ್ಚು ಬಂತು.

ಅರ್ನಾಲ್ಡ್ ಶ್ವಾರ್ಜ್‌ನೆಗರ್ ಗೊತ್ತಲ್ಲ? 1965ರಲ್ಲಿ ಹದಿನೆಂಟರ ಹುಡುಗನಾಗಿ ಆಸ್ಟ್ರಿಯಾ ಸೇನೆಯಲ್ಲಿ ಅವರು ಓಡಿಸಿದ್ದು ಎಂ-47 ಪ್ಯಾಟನ್ ಟ್ಯಾಂಕ್. ದುಡ್ಡು ಬಂದ ಮೇಲೆ ಅಂಥದ್ದೇ ಇನ್ನೊಂದು ಕೊಳ್ಳಬಹುದಿತ್ತು. ಇಲ್ಲ, ತಾವು ಓಡಿಸಿದ್ದನ್ನೇ ಹುಡುಕಿ ಅಮೆರಿಕಕ್ಕೆ ತರಿಸಿಕೊಂಡರು! ಕಾಲೇಜು ದಿನಗಳ ಯೆಜ್ಡಿಯನ್ನು ನಂಬರು ಸಮೇತ ಹುಡುಕಿಕೊಂಡು ಹೋದ ಗೆಳೆಯರು ನನಗೂ ಇದ್ದಾರೆ. ಅವರ ಮುಖದ ಕಳೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ಉಸಿರು ಬಿಗಿಹಿಡಿಯಿರಿ. 1944ರಲ್ಲಿ ಎಸ್ಟೋನಿಯಾದ ಕುರ್ಟ್ನಾ ಎಂಬಲ್ಲಿ ಒಬ್ಬ ಹುಡುಗ ಕೆರೆಯ ಕಡೆ ಹೋದ ಟ್ಯಾಂಕಿನ ಗುರುತು ಕಂಡ. ನೀರಿನತ್ತ ಹೋದ ಜಾಡಿದೆ, ಆಚೆ ದಡದಲ್ಲಿ ಜಾಡಿಲ್ಲ! ಆ ನೆನಪನ್ನು ಹಿಡಿದು ಐವತ್ತಾರು ವರ್ಷದ ನಂತರ, 2000ದ ಸೆಪ್ಟೆಂಬರ್‌ನಲ್ಲಿ ದೊಡ್ಡ ಬುಲ್ಡೋಜರ್ ತಂದು ಎಳೆದರೆ, ಕೆಸರಿನಿಂದ ಎದ್ದು ಬಂದದ್ದು ರಷ್ಯಾದ ಟಿ-34. ಮೈಮೇಲೆ ಮಾತ್ರ ಜರ್ಮನರ ಗುರುತು. ಶತ್ರುವಿನ ಟ್ಯಾಂಕನ್ನು ವಶಪಡಿಸಿಕೊಂಡು ತಾವೇ ಓಡಿಸಿ, ಹಿಂದೆ ಸರಿಯುವಾಗ ಕೆರೆಗೆ ಇಳಿಸಿ ಹೋಗಿದ್ದರು. ಕೆರೆಯ ತಳದ ಜೌಗು ಮಣ್ಣಿಗೆ ಗಾಳಿಯೇ ತಾಗದ್ದರಿಂದ ತುಕ್ಕೂ ಹತ್ತಿರಲಿಲ್ಲ. ಸೇರಿದ ಜನರ ಮೊದಲ ಪ್ರಶ್ನೆ ಏನಿದ್ದಿರಬಹುದು ಎಂದು ನಿಮಗೆ ಗೊತ್ತೇ ಇದೆ. ಹೌದು, ರಿಪೇರಿ ಮಾಡಿದ ಮೇಲೆ ಅದರ ಡೀಸೆಲ್ ಎಂಜಿನ್ ಶುರುವಾಯಿತು ಎನ್ನುತ್ತಾರೆ!

ಇಷ್ಟೆಲ್ಲ ಓದಿದ ಮೇಲೆ ನನ್ನ ಪಟ್ಟಿ ತಲೆಕೆಳಗಾಗತೊಡಗಿತು. ಹೆದರಿಸುವ ಗಾಡಿಗಳು ಕೆಳಕ್ಕೆ ಜಾರಿದವು. ಯಾರೂ ಕೇಳದ ಕೆಲಸ ಮಾಡಿ ತೋರಿಸಿದ ಗಾಡಿಗಳು ಮೇಲೇರಿದವು.

ಡಕ್ ಎಂಬ ಲಾರಿ ನೋಡಿ. ಜನರಲ್ ಮೋಟರ್ಸಿನ ಆರು ಚಕ್ರದ ಲಾರಿಗೆ ದೋಣಿಯ ಒಡಲು ತೊಡಿಸಿದ್ದಾರೆ. ಕಂಪನಿಯ ಸಂಕೇತಾಕ್ಷರಗಳು ಡಿ, ಯು, ಕೆ, ಡಬ್ಲ್ಯೂ. ಸೈನಿಕರ ಬಾಯಲ್ಲಿ ಅದು ಬಾತುಕೋಳಿಯಾಯಿತು. ಆಕಾರ ಕೊಟ್ಟವರಲ್ಲಿ ಒಬ್ಬರು ಹಾಯಿದೋಣಿಗಳ ವಿನ್ಯಾಸಗಾರ ರಾಡ್ ಸ್ಟೀಫನ್ಸ್. ಸೇನೆಯವರಿಗೆ ಇದು ಹುಚ್ಚಾಟವಾಗಿ ಕಂಡಿತ್ತು. 1942ರ ಚಳಿಗಾಲದಲ್ಲಿ ಅಮೆರಿಕದ ಪ್ರಾವಿನ್ಸ್‌ಟೌನ್ ಕಡಲತೀರದಲ್ಲಿ ಬಿರುಗಾಳಿ ಎದ್ದು ಕರಾವಳಿ ಕಾವಲಿನ ದೋಣಿಯೊಂದು ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಬೇರೆ ಯಾವ ದೋಣಿಯೂ ಹತ್ತಿರ ಹೋಗಲಾರದು. ಪರೀಕ್ಷೆಗೆಂದು ಅಲ್ಲೇ ತಂದಿದ್ದ ಡಕ್ ಸೀದಾ ಮರಳಿನಿಂದ ಅಲೆಗೆ ಇಳಿಯಿತು, ಏಳು ಜನರನ್ನು ಹೇರಿಕೊಂಡು ಅಲೆಯಿಂದ ರಸ್ತೆಗೆ ಹತ್ತಿತು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ, 21,000 ಡಕ್‌ಗಳು ತಯಾರಾದವು! ಡ್ರೈವರ್ ಕೂತಲ್ಲಿಂದಲೇ ಟೈರಿನ ಗಾಳಿ ಇಳಿಸಬಹುದು, ತುಂಬಬಹುದು. ಮರಳಿಗೆ ಮೆತ್ತಗೆ, ಡಾಂಬರಿಗೆ ಗಟ್ಟಿ. ಪಂಕ್ಚರ್ ಅಂಗಡಿಯ ಮುಂದೆ ಅರ್ಧ ಆಯುಸ್ಸು ಕಳೆದ ನನ್ನಂಥವನಿಗೆ ಇದು ದೇವರ ವರ.

ನಾರ್ಮಂಡಿ ದಂಡಯಾತ್ರೆಯಲ್ಲಿ ಪ್ವಾಂತ್ ದು ಹಾಕ್ ಎಂಬ ಕಡಿದಾದ ಬಂಡೆ ಹತ್ತಲು ಡಕ್‌ಗಳ ಮೇಲೆ ಲಂಡನ್ ಅಗ್ನಿಶಾಮಕ ದಳದ ನೂರಡಿ ಏಣಿಗಳನ್ನೇ ಕೂರಿಸಿ ಕಳಿಸಿದ್ದರು. ಏಣಿಯ ತುದಿಗೆ ಮೆಷಿನ್ ಗನ್ನು! ದಡದಲ್ಲಿ ಬಾಂಬಿನ ಗುಂಡಿಗಳು ತುಂಬಿದ್ದರಿಂದ ಅವು ಬಂಡೆಯ ಬುಡ ಮುಟ್ಟಲಾಗಲಿಲ್ಲ. ಆದರೂ ಒಬ್ಬ ಸೈನಿಕ ಏಣಿ ಹತ್ತಿ, ಅಲೆಯ ಮೇಲೆ ಅತ್ತಿತ್ತ ತೂಗಾಡುತ್ತಲೇ ಗುಂಡು ಹಾರಿಸಿದ. ಸಿನಿಮಾದಲ್ಲಿ ತೋರಿಸಿದರೆ ‘ಏನ್ ಬಿಡ್ತಾನಪ್ಪ’ ಅನ್ನುತ್ತಿದ್ದೆವು.

ಜರ್ಮನರಲ್ಲೂ ಈಜುವ ಪುಟ್ಟ ಕಾರಿತ್ತು, ಶ್ವಿಮ್‌ವಾಗನ್, ಬೀಟಲ್ ಕಾರಿನ ದಾಯಾದಿ. ನೀರಿಗಿಳಿಯುವ ಮೊದಲು ಹಿಂಬದಿಯ ಪಂಖವನ್ನು ಕೈಯಿಂದ ಕೆಳಕ್ಕೆ ಮಡಚಬೇಕು. ಮುಂದಿನ ಚಕ್ರಗಳೇ ಚುಕ್ಕಾಣಿ. ಪಂಖ ಮುಂದಕ್ಕೆ ಮಾತ್ರ ತಳ್ಳುತ್ತದೆ, ಹಿಂದಕ್ಕೆ ಬರಬೇಕೆಂದರೆ? ಗಾಡಿಯಲ್ಲೇ ಒಂದು ಹುಟ್ಟು ಕಟ್ಟಿರುತ್ತದೆ. ಹಾಕಿ ಹುಟ್ಟು!

ಜೀಪನ್ನು ನಮ್ಮ ಮಲೆನಾಡಿನವರಿಗೆ ಹೊಸದಾಗಿ ಪರಿಚಯಿಸಬೇಕೇ? ಕಾಫಿ ತೋಟದ ಏರಿನಲ್ಲಿ, ಜಾರುವ ಕೆಂಪು ಮಣ್ಣಿನಲ್ಲಿ ಅದು ಮನೆಮಂದಿಯೇ. 1940ರಲ್ಲಿ ಮೊದಲ ಗಾಡಿ ಮಾಡಿ ತರಲು ಅಮೆರಿಕದ ಸೇನೆ ಕಂಪನಿಗಳಿಗೆ ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಮುಳುಗುತ್ತಿದ್ದ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರೋಬ್ಸ್ಟ್ ಎರಡೇ ದಿನದಲ್ಲಿ ನಕ್ಷೆ ಬರೆದರು. ಸೆಪ್ಟೆಂಬರ್ 23ರ ಸಂಜೆ, ಗಡುವಿಗೆ ಅರ್ಧ ಗಂಟೆ ಇದೆ ಎನ್ನುವಾಗ ಮೊದಲ ಗಾಡಿ ತನ್ನ ಚಕ್ರಗಳ ಮೇಲೇ ಓಡಿಕೊಂಡು ಸೇನೆಯ ಗೇಟು ಮುಟ್ಟಿತು! ದೊಡ್ಡ ಆರ್ಡರು ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಪಾಲಾಯಿತು. ಬೆವರು ಒಬ್ಬರದು, ಬೆಳೆ ಇನ್ನೊಬ್ಬರದು.

ಇನ್ನು ಮರಳುಗಾಡಿನಲ್ಲಿ ಉಕ್ಕಿನ ಕವಚ ತೊಟ್ಟ ರೋಲ್ಸ್-ರಾಯ್ಸ್‌ಗಳಲ್ಲಿ ಓಡಾಡಿದ ಬ್ರಿಟಿಷ್ ಅಧಿಕಾರಿ, ಲಾರೆನ್ಸ್ ಆಫ್ ಅರೇಬಿಯಾ. ಏನು ಬೇಕು ಕೇಳಿ ಎಂದರೆ, ಸ್ವಂತಕ್ಕೊಂದು ರೋಲ್ಸ್-ರಾಯ್ಸ್, ಜೊತೆಗೆ ಜೀವಮಾನವಿಡೀ ಸಾಲುವಷ್ಟು ಟೈರು, ಪೆಟ್ರೋಲು ಎಂದನಂತೆ. ಗಾಡಿ ಸಾಕಿದವನ ಮಾತು! ಅಂಥದ್ದೊಂದು ಕವಚದ ರೋಲ್ಸ್-ರಾಯ್ಸ್ ನೋಡಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, 1994ರಲ್ಲಿ ತೆರೆದ ಸೇನೆಯ ಟ್ಯಾಂಕ್ ಮ್ಯೂಸಿಯಂ ಇದೆ. ವ್ಯಾಲೆಂಟೈನ್, ಚರ್ಚಿಲ್, ಜಪಾನಿನ ಪುಟಾಣಿ ಟ್ಯಾಂಕುಗಳು, 1965ರಲ್ಲಿ ಸೆರೆಸಿಕ್ಕ ಪ್ಯಾಟನ್, ನಮ್ಮದೇ ವಿಜಯಂತ, ಎಲ್ಲವೂ ಅಲ್ಲಿವೆ.

ನನ್ನ ಪಟ್ಟಿಯ ತುದಿಗೆ ಬಂದು ಕೂತದ್ದು ಮಾತ್ರ ಇವ್ಯಾವುದೂ ಅಲ್ಲ. ಸ್ಟುವರ್ಟ್ ಎಂಬ ಹಗುರ ಟ್ಯಾಂಕ್. ಟೈಗರಿನ ಪಕ್ಕ ನಿಲ್ಲಿಸಿದರೆ ಆನೆಯ ಮುಂದೆ ಕರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೇ ಹಳತಾಗಿಹೋಗಿದ್ದ ಗಾಡಿ. 1948ರ ಶರತ್ಕಾಲ, ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ ಲಡಾಖಿನ ಹಾದಿ ಮುಚ್ಚಿತ್ತು. ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಯಲ್ಲಿ ಶತ್ರು ಬಂಡೆಗಳ ಮರೆಯಲ್ಲಿ ಕೂತಿದ್ದ. ಕಾಲಾಳುಗಳ ದಾಳಿ ವಿಫಲವಾಗಿತ್ತು. ಆಗ ದಂಡನಾಯಕರಾಗಿದ್ದವರು ನಮ್ಮ ಮಡಿಕೇರಿಯ ಕೊಡವ, ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅವರ ತಲೆಗೆ ಹೊಳೆದದ್ದು: ಮೇಲಕ್ಕೆ ಟ್ಯಾಂಕ್ ಹತ್ತಿಸೋಣ! ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕಿನಿಂದ ಯುದ್ಧ ಮಾಡಿರಲಿಲ್ಲ.

ಗುಟ್ಟು ಬಯಲಾಗಬಾರದೆಂದು ಟರೆಟ್‌ಗಳನ್ನು ಕಳಚಿ ಬೇರೆ ಸಾಗಿಸಿದರು, ಒಡಲಿಗೆ ಟಾರ್ಪಾಲು ಹೊದಿಸಿದರು. 1915ರಲ್ಲಿ ನೀರಿನ ತೊಟ್ಟಿ ಎಂದು ಹೇಳಿ ಬಚ್ಚಿಟ್ಟವರ ನೆನಪಾಗುತ್ತದೆ. ಬಾಲ್ತಾಲ್‌ನಿಂದ ಕಣಿವೆಯವರೆಗಿದ್ದದ್ದು ಹೇಸರಗತ್ತೆಗಳ ಕಾಲುಹಾದಿ. ಗುಂಡಿನ ಮಳೆಯ ನಡುವೆ ಅದನ್ನು ಟ್ಯಾಂಕ್ ನಡೆಯುವಷ್ಟು ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್, ನಮ್ಮ ಹಲಸೂರು ಕೆರೆಯ ಪಕ್ಕದಲ್ಲೇ ನೆಲೆಯಿರುವ ದಳ. ಆ ಕೆರೆಯ ಪಕ್ಕ ನೂರು ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಇದು ಗೊತ್ತಿರಲಿಲ್ಲ!

ನವೆಂಬರ್ 1. ಹಿಮ. ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು ಸಾಲಾಗಿ ಏರತೊಡಗಿದವು. ಮೊದಲ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯ ಕೂತಿದ್ದರು. ಮೇಲೆ ಬಂಕರಿನಲ್ಲಿದ್ದವರಿಗೆ ಗಾಡಿ ಕಾಣುವ ಮೊದಲೇ ಸದ್ದು ಕೇಳಿರಬೇಕು. ಕಾಲುಹಾದಿಯ ಕಡೆಯಿಂದ, ಮೋಡದೊಳಗಿನಿಂದ, ಆ ಎತ್ತರದಲ್ಲಿ ಎಂದೂ ಕೇಳಿರದ ಎಂಜಿನ್ನಿನ ಸದ್ದು. ಕುಬೇರನ ಚೆಕ್ಕಿನಲ್ಲಿ ನಾನು ಬರೆಯುವುದು ಇಷ್ಟೇ: ಒಂದು ಸ್ಟುವರ್ಟ್, ಓಡುವ ಕಂಡೀಶನ್ನಿನಲ್ಲಿ. ಬಾಲ್ತಾಲ್‌ಗೆ ಡೆಲಿವರಿ.