ಮೈನಸ್ ಉತ್ತರಕ್ಕೆ ಸಿಕ್ಕ ಮರ್ಯಾದೆ

ವರ್ಗಮೂಲ ತೆಗೆದರೆ ಎರಡು ಉತ್ತರ: ಒಂದು ಪ್ಲಸ್, ಒಂದು ಮೈನಸ್. ಲೆಕ್ಕ ಹೊಲದ ಉದ್ದದ್ದಾದರೆ ಮೈನಸ್ಸನ್ನು ಹೊಡೆದುಹಾಕುತ್ತೇವೆ, ಮೇಷ್ಟ್ರೂ ಪೂರ್ತಿ ಅಂಕ ಕೊಡುತ್ತಾರೆ. 1928ರಲ್ಲಿ ಭೌತವಿಜ್ಞಾನಿ ಪಾಲ್ ಡಿರಾಕ್ ಎಲೆಕ್ಟ್ರಾನಿಗಾಗಿ ಬರೆದ ಸಮೀಕರಣದಲ್ಲಿ ಅದನ್ನು ಹೊಡೆದುಹಾಕಲು ಆಗಲಿಲ್ಲ.

ಐನ್‌ಸ್ಟೈನ್ ಸೂತ್ರದಲ್ಲಿ ಸಿಗುವುದು ಶಕ್ತಿಯ ವರ್ಗ. ಡಿರಾಕ್‌ಗೆ ಬೇಕಿದ್ದದ್ದು ವರ್ಗವಿಲ್ಲದ ನೇರ ಸಮೀಕರಣ. ಅದರ ಗುಣಾಂಕಗಳು ವಿಚಿತ್ರವಾಗಿರಬೇಕಿತ್ತು: ತನ್ನನ್ನು ತಾನೇ ಗುಣಿಸಿಕೊಂಡರೆ ಒಂದು ಬರಬೇಕು, ಒಂದನ್ನೊಂದು ಗುಣಿಸುವಾಗ ಕ್ರಮ ಬದಲಾದರೆ ಚಿಹ್ನೆ ತಿರುಗಬೇಕು. ಯಾವ ಸಾಮಾನ್ಯ ಸಂಖ್ಯೆಗೂ ಈ ಗುಣವಿಲ್ಲ. ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲಿನ ಮಾತೃಕೆಗಳಿಗೆ ಇದೆ. ಹಾಗಾಗಿ ಎಲೆಕ್ಟ್ರಾನಿನ ಅಲೆಗೂ ನಾಲ್ಕು ಘಟಕಗಳು ಬಂದವು. ಕಣದ ತಿರುಗುವಿಕೆಯಂಥ ಗುಣವಾದ ಸ್ಪಿನ್ ತಾನಾಗಿಯೇ ಅವುಗಳೊಳಗಿಂದ ಹೊರಬಂತು, ಯಾರೂ ಹೊರಗಿನಿಂದ ಸೇರಿಸಲಿಲ್ಲ. ಚನ್ನಪಟ್ಟಣದ ಬುಗುರಿ ಒಂದು ಸುತ್ತು ತಿರುಗಿದರೆ ಮೊದಲಿದ್ದಂತೆಯೇ ಇರುತ್ತದೆ. ಈ ಘಟಕಗಳು 360 ಡಿಗ್ರಿಗೆ ಮೈನಸ್ ಆಗಿ, 720 ಡಿಗ್ರಿಗೆ ಮೊದಲಿನಂತಾಗುತ್ತವೆ. ಇಪ್ಪತ್ತನೇ ಶತಮಾನದಲ್ಲಿ ಇದಕ್ಕಿಂತ ಚೆಲುವಾದ ಲೆಕ್ಕ ನಾನು ಕಂಡಿಲ್ಲ.

ಉಳಿದದ್ದು ಆ ಮೈನಸ್ ಉತ್ತರದ, ಅಂದರೆ ಋಣಶಕ್ತಿಯ ಪರಿಹಾರಗಳ ತಕರಾರು. ಅವುಗಳ ಅರ್ಥ ಹುಡುಕುತ್ತಾ, ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯ, ಧನ ವಿದ್ಯುದಂಶದ ಹೊಸ ಕಣವೊಂದು ಇರಬೇಕೆಂದು ಡಿರಾಕ್ 1931ರಲ್ಲಿ ಹೇಳಿದರು. ಮರುವರ್ಷವೇ ಕಾರ್ಲ್ ಆಂಡರ್ಸನ್ ತೆಗೆದ ಫೋಟೋದಲ್ಲಿ ಅದರ ಜಾಡು ಸಿಕ್ಕಿತು. ಸೀಸದ ಫಲಕದ ಒಂದು ಪಕ್ಕದಲ್ಲಿ ಜಾಡು ಹೆಚ್ಚು ಬಾಗಿತ್ತು. ಕಣ ಫಲಕ ದಾಟಿ, ಶಕ್ತಿ ಕಳೆದುಕೊಂಡು ಹೊರಬಂದ ಪಕ್ಕ ಅದೇ. ದಿಕ್ಕು ಗೊತ್ತಾದ ಮೇಲೆ ವಿದ್ಯುದಂಶದ ಚಿಹ್ನೆಯೂ ಗೊತ್ತಾಯಿತು: ಪ್ಲಸ್. ಅದೇ ಪಾಸಿಟ್ರಾನ್, ಮನುಷ್ಯ ಕಂಡ ಮೊದಲ ಪ್ರತಿದ್ರವ್ಯ.

ಎಲೆಕ್ಟ್ರಾನ್, ಪಾಸಿಟ್ರಾನ್ ಎದುರಾದರೆ ಏನಾಗುತ್ತದೆ? ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ ಲೆಕ್ಕ ಹಾಕಿದರು: ಸುಮ್ಮನೆ ಚದುರುವ ದಾರಿಯ ಜೊತೆಗೆ, ಎರಡೂ ಅಳಿದು ಮತ್ತೆ ಜೋಡಿಯಾಗಿ ಹುಟ್ಟುವ ದಾರಿಯನ್ನೂ ಕೂಡಿಸಬೇಕು. ಯುರೋಪಿನ ಸರ್ನ್ ಪ್ರಯೋಗಾಲಯದ ಲೆಪ್ ಯಂತ್ರದಲ್ಲಿ ಕಿರಣಗಳ ಡಿಕ್ಕಿಯ ಪ್ರಮಾಣವನ್ನು ಅಳೆದದ್ದು ಈ ‘ಭಾಭಾ ಚದುರಿಕೆ’ಯಿಂದಲೇ.

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದ ಭಾಭಾ, ಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಡಿರಾಕ್ ಪುಸ್ತಕ ಓದಿ ಭೌತವಿಜ್ಞಾನಕ್ಕೆ ಮರುಳಾಗಿದ್ದ ಹರೀಶ್‌ಚಂದ್ರ ಎಂಬ ತರುಣ 1943ರಲ್ಲಿ ಅಲಹಾಬಾದಿನಿಂದ ಬಂದು ಅವರ ಜೊತೆಯಾದರು. ಡಿರಾಕ್ ಸಮೀಕರಣವನ್ನು ಹೆಚ್ಚಿನ ಸ್ಪಿನ್ನಿನ ಕಣಗಳಿಗೂ ಹಿಗ್ಗಿಸುವ ಭಾಭಾ ಅವರ ಲೇಖನ ಬಂದದ್ದು 1945ರಲ್ಲಿ. ಅದೇ ವರ್ಷ ಹರೀಶ್‌ಚಂದ್ರ ಕೇಂಬ್ರಿಜ್‌ಗೆ ಹೋಗಿ ಡಿರಾಕ್ ಅವರದೇ ಶಿಷ್ಯರಾದರು, ಮುಂದೆ ಜಗತ್ತಿನ ದೊಡ್ಡ ಗಣಿತಜ್ಞರಲ್ಲೊಬ್ಬರಾದರು.

ನಮ್ಮ ಪಿಯು ಪಠ್ಯಪುಸ್ತಕಗಳಲ್ಲಿ ಮಾತೃಕೆಗಳ ಪಾಠ ಇದ್ದೇ ಇದೆ. ಅದರ ಕೊನೆಗೆ ಬೆಂಗಳೂರಿನ ಈ ಎರಡು ವರ್ಷಗಳ ಕಥೆಯನ್ನು ಒಂದು ಪುಟದಷ್ಟಾದರೂ ಸೇರಿಸಿ.