ಗಡಿ ಬದಲಾವಣೆ: ನಗರಸಭೆ ಠರಾವಿಗೆ ಬಲವೆಷ್ಟು?

ಕಾರವಾರ: ಗಡಿ ವಿವಾದ ಕೆರಳಿದಾಗಲೆಲ್ಲ ಏಳುವ ಪ್ರಶ್ನೆ ಒಂದೇ. ಊರು ಯಾವ ರಾಜ್ಯದಲ್ಲಿರಬೇಕೆಂದು ನಿರ್ಧರಿಸುವ ಅಧಿಕಾರ ಯಾರದು?

ಕಾರವಾರ ನಗರಸಭೆ, ಅಂಕೋಲಾ ಪುರಸಭೆಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಿಂದ ಅಧಿಕಾರ ಪಡೆದವು. ನೀರು, ಬೀದಿದೀಪ, ನೈರ್ಮಲ್ಯ ಅವುಗಳ ಹೊಣೆ, ರಾಜ್ಯದ ಗಡಿಯಲ್ಲ. 2005ರಲ್ಲಿ ಬೆಳಗಾವಿ ಮಹಾನಗರ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರುವ ಠರಾವು ಅಂಗೀಕರಿಸಿದಾಗ ರಾಜ್ಯ ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು.

ಸಂವಿಧಾನದ 3ನೇ ವಿಧಿಯಂತೆ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು. ರಾಜ್ಯ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು. ಆದರೆ ಸಂಸತ್ತು ಅದಕ್ಕೆ ಬದ್ಧವಲ್ಲ. ಕಾರವಾರದ ಮೇಲೂ ಹಕ್ಕು ಮಂಡಿಸಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಇದು ಸಂಸತ್ತಿಗೆ ಬಿಟ್ಟ ವಿಷಯ, ನ್ಯಾಯಾಲಯದ್ದಲ್ಲ ಎಂಬುದು ಕರ್ನಾಟಕದ ವಾದ.

ಜನಮತ ಸಂಗ್ರಹದ ಷರತ್ತು 3ನೇ ವಿಧಿಯಲ್ಲಿಲ್ಲ. ಕರಪತ್ರಗಳು ಏನೇ ಹೇಳಲಿ, ಗಡಿಯೂರಿನ ದನಿ ದೆಹಲಿ ತಲುಪಬೇಕಾದುದು ಶಾಸಕರು ಮತ್ತು ಸಂಸದರ ಮೂಲಕವೇ.